ಭೀಮರಾಯ ಸರ್ ಬಸ್ಸಿನಲ್ಲಿ ಬಿಡಿಸಿದ ಲೆಕ್ಕ

ಭೀಮರಾಯ ಸರ್ ಬಸ್ಸಿನಲ್ಲಿ ಕೂತರೆ ಅವರ ಬಲಗೈ ಬೆರಳು ಸುಮ್ಮನಿರುತ್ತಿರಲಿಲ್ಲ. ತೊಡೆಯ ಮೇಲೆ ಏನೋ ಬರೆಯುತ್ತಿತ್ತು, ಅಂಗೈಯಿಂದ ಅದನ್ನು ಒರೆಸುತ್ತಿದ್ದರು, ಮತ್ತೆ ಬರೆಯುತ್ತಿದ್ದರು. ಗೊತ್ತಿಲ್ಲದವರು ಪಕ್ಕದಲ್ಲಿ ಕೂತರೆ ಸ್ವಲ್ಪ ಸರಿದೇ ಕೂಡುತ್ತಿದ್ದರು. ಒಮ್ಮೆ ರಂಗಂಪೇಟೆಯ ಮುದುಕಿಯೊಬ್ಬಳು ಕೈಚೀಲದಿಂದ ಮುಲಾಮಿನ ಡಬ್ಬಿ ತೆಗೆದು, "ಹಚ್ಚಿಕೋರಿ, ನಮ್ಮ ಮೊಮ್ಮಗಗೂ ಹಿಂಗ ತುರಿಕಿ ಇತ್ತು, ಹದಿನೈದ ದಿನದಾಗ ಹೋತು" ಎಂದು ಕೊಟ್ಟಳು. ಸರ್ ಕೈ ಮುಗಿದು ಇಸಿದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. "ಯಾಕ್ ಇಸ್ಕೊಂಡ್ರಿ ಸರ್?" ಎಂದು ಆಮೇಲೆ ಕೇಳಿದೆ. "ಗಣಿತ ಮಾಡಾಕತ್ತೀನಿ ಅಂದಿದ್ರ ಆಕಿ ಇನ್ನೂ ಅಂಜತಿದ್ಳು" ಅಂದರು.

ಅವರು ಹೋಗಿ ಎರಡು ವರ್ಷವಾಯಿತು. ನೆನೆದಾಗ ಮೊದಲು ಕಣ್ಣಿಗೆ ಬರುವುದು ಆ ಬೆರಳೇ.

ಸರ್ ಅತಿಥಿ ಉಪನ್ಯಾಸಕರು. ಮನೆ ಯಾದಗಿರಿಯಲ್ಲಿ, ಬೆಳಿಗ್ಗೆಯ ಪಾಠ ಶಹಾಪುರದ ಕಾಲೇಜಿನಲ್ಲಿ, ಮಧ್ಯಾಹ್ನದ್ದು ಸುರಪುರದಲ್ಲಿ. ಹದಿನೆಂಟು ವರ್ಷ ಅತಿಥಿಯಾಗಿಯೇ ಉಳಿದವರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಸುರಪುರದಲ್ಲಿ ಬಿಎಸ್ಸಿ ಓದುತ್ತಿದ್ದ ನನ್ನ ಊರು ಶಹಾಪುರದ ದಾರಿಯಲ್ಲೇ ಇದ್ದುದರಿಂದ ಸಂಜೆ ಐದರ ಬಸ್ಸಿಗೆ ಇಬ್ಬರೂ ಹತ್ತುತ್ತಿದ್ದೆವು. ಕಾಲೇಜಿನಲ್ಲಿ ಕಲಿತದ್ದು ಪರೀಕ್ಷೆಗೆ ಸಾಕಾಯಿತು. ಭೌತಶಾಸ್ತ್ರ ಅಂತ ಏನಾದರೂ ನನ್ನ ತಲೆಗೆ ಹತ್ತಿದ್ದರೆ ಅದು ಆ ಬಸ್ಸಿನಲ್ಲಿ.

ಬಹಳ ಹಿಂದೆ ಅವರು ಪಿಎಚ್‌ಡಿಗೆ ಹೆಸರು ಹಚ್ಚಿದ್ದರಂತೆ. ಮಾರ್ಗದರ್ಶಕರು ನಿವೃತ್ತರಾದರು, ನೋಂದಣಿಯ ಅವಧಿ ಮುಗಿಯಿತು, ಲೆಕ್ಕ ಮಾತ್ರ ಸರ್ ಹತ್ತಿರವೇ ಉಳಿಯಿತು. ನನಗೆ ಅದನ್ನು ಹೇಳಿದ್ದು ಹೀಗೆ: "ರೇಷನ್ ಅಂಗಡಿ ಮುಂದ ಪಾಳಿ ಹಚ್ಚ್ಯಾರ ಅಂತ ತಿಳಕೊ. ಒಬ್ಬ ದಪ್ಪ, ಒಬ್ಬ ಸಣಕ, ಮತ್ತ ಇಬ್ಬರು ದಪ್ಪ, ಹ್ಯಾಂಗ ಬೇಕಾದಂಗ ನಿಂತಾರ. ಹಿಂದಿನವ ಒಮ್ಮೆ ನೂಕಿದ. ಆ ನೂಕು ಮುಂದಿನವನ ತನಕ ಎಷ್ಟು ಹೋಗ್ತದ? ಪಾಳಿ ಉದ್ದ ಆದಂಗ ಎಷ್ಟು ಕಮ್ಮಿ ಆಗ್ತದ? ಮಂದಿ ಬದಲಿ ಅಣು ಇಡು. ನೂಕು ಅಂದ್ರ ಶಾಖ. ಇಷ್ಟ ನೋಡು ನನ್ನ ಸಂಸಾರ." ಇಷ್ಟೇ ಸಂಸಾರಕ್ಕೆ ಅವರು ತುಂಬಿಸಿದ ನೋಟುಬುಕ್ಕುಗಳನ್ನು ಇಡಲು ಮನೆಯಲ್ಲಿ ಒಂದು ಟ್ರಂಕು ಬೇಕಾಗಿತ್ತು.

ಅವರ ಹೆಂಡತಿ ಶಾಂತಮ್ಮ ಪ್ರಾಥಮಿಕ ಶಾಲೆಯ ಟೀಚರು, ಬಾಯಿ ಜೋರು, ಮನಸ್ಸು ಬೆಣ್ಣೆ. ಒಮ್ಮೆ ನಾನು ಹೋದಾಗ ಬಾಗಿಲಲ್ಲೇ ಅಂದರು, "ಬಾರವಾ ಸುಜಾತಾ. ಕೊತ್ತಂಬರಿ ತರ್ತೀನಂತ ಮುಂಜಾನಿ ಹೋಗ್ಯಾರ ನಿಮ್ಮ ಸರ್. ನಾ ಅಡಿಗಿ ಮಾಡಿ, ಉಂಡು, ಭಾಂಡಿನೂ ತಿಕ್ಕೇನಿ." ಹುಡುಕಿಕೊಂಡು ಹೋದರೆ ಸರ್ ತರಕಾರಿ ಮಾರ್ಕೆಟ್ಟಿನ ಕಟ್ಟೆಯ ಮೇಲೆ ಕೂತಿದ್ದರು, ಕೊತ್ತಂಬರಿ ಕಟ್ಟು ಪಕ್ಕದಲ್ಲಿ ಬಾಡಿ ಮಲಗಿತ್ತು.

ನನ್ನ ಬಿಎಸ್ಸಿ ಮುಗಿದಾಗ ಮನೆಯಲ್ಲಿ ಬಿಎಡ್ ಮಾತು ಶುರುವಾಯಿತು. ಅಪ್ಪ ಕೂಲಿ ಮಾಡಿ ಓದಿಸಿದವನು. ಅವನ ಲೆಕ್ಕದಲ್ಲಿ ಓದು ಅಂದರೆ ಕಡೆಗೆ ಒಂದು ನೌಕರಿ, ಅದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಹೈದರಾಬಾದಿನಲ್ಲಿ ಎಂಎಸ್ಸಿ ಮಾಡುತ್ತೇನೆ, ಆಮೇಲೆ ಸಂಶೋಧನೆ ಅಂದೆ. ಎರಡು ದಿನ ಅಪ್ಪ ಮಾತಾಡಲಿಲ್ಲ. ಮೂರನೆಯ ದಿನ ಸರ್ ಬಸ್ಸಿಳಿದು ನಮ್ಮ ಓಣಿಗೇ ಬಂದರು. ಗೋಡೆಯ ಮೇಲಿದ್ದ ಬುದ್ಧನ ಪಟಕ್ಕೂ ಬಾಬಾಸಾಹೇಬರ ಪಟಕ್ಕೂ ನಮಸ್ಕಾರ ಮಾಡಿ, ಚಾಪೆಯ ಮೇಲೆ ಕೂತು, ಅವ್ವ ಕೊಟ್ಟ ಚಹಾ ಕುಡಿದರು.

"ಹೆಣ್ಣಮಗಳು ಇಷ್ಟೆಲ್ಲಾ ಓದಿ ತಿಳಕೊಂಡ್ರ ಏನಾಗ್ತದ್ರಿ ಸರ್?" ಅಪ್ಪ ಕೇಳಿದ.

"ಆಕಿಗೆ ತಿಳೀತದ್ರಿ, ಅಷ್ಟ."

"ನೌಕರಿ ಸಿಗ್ತದೇನ್ರಿ?"

ಸರ್ ಲೋಟ ಕೆಳಗಿಟ್ಟರು. "ನನ್ನ ನೋಡಿದ್ರ ಖಾತ್ರಿ ಇಲ್ಲ ಅಂತನ ಹೇಳಬೇಕ್ರಿ. ಆದ್ರ ಈಕಿ ನನಕಿಂತ ಶಾಣೇ ಇದ್ದಾಳ. ಇದೂ ಖರೇನ ಹೇಳಾಕತ್ತೀನಿ."

ನನಗೆ ಭೂಮಿಗಿಳಿದು ಹೋದಂತಾಯಿತು. ಇಂಥ ವಕೀಲಿಕೆ ಮಾಡಲು ಇಷ್ಟು ದೂರ ಬರಬೇಕಿತ್ತೇ ಅನ್ನಿಸಿತು. ಅವರು ಹೋದ ಮೇಲೆ ಅಪ್ಪ ಬಹಳ ಹೊತ್ತು ಬೀಡಿ ಸೇದುತ್ತ ಕೂತ. ಆಮೇಲೆ ಅವ್ವನಿಗೆ ಅಂದ, "ಈ ಮನುಷ್ಯ ಸುಳ್ಳ ಹೇಳಂಗಿಲ್ಲ. ಕಳಸೂಣು."

ಹಾಗೆ ನಾನು ಹೈದರಾಬಾದಿಗೆ ಹೋದೆ. ಎಂಎಸ್ಸಿ ಮುಗಿದು ಪಿಎಚ್‌ಡಿ ಸೇರಿದೆ. ಪ್ರತಿ ರವಿವಾರ ಸರ್ ಫೋನು. ನನ್ನ ಕೆಲಸ ಕೇಳುತ್ತಿದ್ದರು, ಆಮೇಲೆ ತಮ್ಮದನ್ನು ಹೇಳುತ್ತಿದ್ದರು. ಲೆಕ್ಕ ಕಡೆಯ ಘಟ್ಟಕ್ಕೆ ಬಂದಿತ್ತು, ಅದನ್ನು ಒಂದು ಲೇಖನ ಮಾಡಿ ಪತ್ರಿಕೆಗೆ ಕಳಿಸುವವರಿದ್ದರು. "ಇಂಥಾದು ಯಾರರ ಮಾಡ್ಯಾರೇನು, ನಿಮ್ಮ ಲೈಬ್ರರಿಯಾಗ ಒಮ್ಮೆ ನೋಡವಾ. ನನ್ನ ಮೊಬೈಲಿನಾಗ ಲೇಖನದ ಹೆಸರಷ್ಟ ಕಾಣ್ತಾವ, ರೊಕ್ಕ ಕೊಡದ ಒಳಗ ಹೋಗಾಕ ಬಿಡಂಗಿಲ್ಲ" ಎಂದು ಒಮ್ಮೆ ಕೇಳಿದರು.

ನೋಡಿದೆ. ಒಂದೇ ದಿನದಲ್ಲಿ ಸಿಕ್ಕಿತು. ನಾನು ಹುಟ್ಟುವ ಮೊದಲೇ ಯಾರೋ ಇಬ್ಬರು ಅದೇ ಲೆಕ್ಕವನ್ನು ಬೇರೆ ಹೆಸರಿನಲ್ಲಿ, ಬೇರೆ ದಾರಿಯಲ್ಲಿ ಮಾಡಿ ಮುಗಿಸಿದ್ದರು. ಎಂಟು ಪುಟ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಕೂತವರಿಗೆ ಮೊದಲ ವಾರದಲ್ಲೇ ತಿಳಿಯುವ ಸಂಗತಿ ಯಾದಗಿರಿಯಲ್ಲಿ ಕೂತವರಿಗೆ ಇಷ್ಟೂ ವರ್ಷ ತಿಳಿಯಲಿಲ್ಲ.

ಬರುವ ರವಿವಾರ ಹೇಳೋಣ ಅಂದುಕೊಂಡೆ. ಹೇಳಲಿಲ್ಲ. "ಇನ್ನೂ ಹುಡುಕಾಕತ್ತೀನಿ ಸರ್" ಅಂದೆ. ಅದರ ಮುಂದಿನ ರವಿವಾರವೂ ಅದೇ ಮಾತು. ಅವರ ದನಿಯಲ್ಲಿ ಅಷ್ಟು ಹುರುಪು ಇರುತ್ತಿತ್ತು. ಒಂದು ದಿನ ಅವರೇ ಅಂದರು, "ಕಾಯಂ ಹುದ್ದೆಗೆ ಪರೀಕ್ಷೆ ಕರದಾರ. ಅರ್ಜಿ ಹಾಕ್ರಿ, ಓದ್ರಿ ಅಂತ ಮನ್ಯಾಕಿ ಬೆನ್ನ ಹತ್ಯಾಳ. ವಯಸ್ಸು ಮೀರ್ತದ, ನನಗ ಇದ ಕಡೀ ಸಲ. ಆದ್ರ ಪರೀಕ್ಷೆಗೆ ಕೂತ್ರ ಲೆಕ್ಕ ನಿಲ್ತದ. ಮೊದಲ ಲೇಖನ ಮುಗೀಲಿ."

ಆಗಲಾದರೂ ಹೇಳಬೇಕಿತ್ತು. 'ಸರ್, ಲೇಖನ ಬಿಡ್ರಿ, ಪರೀಕ್ಷೆ ಬರೀರಿ' ಎನ್ನಲು ಎಷ್ಟು ಹೊತ್ತು ಬೇಕು? ಅನ್ನಲಿಲ್ಲ ನಾನು. ಅವರ ಮನಸ್ಸು ಮುರಿಯಬಾರದು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ನಿಜ ಹೇಳಬೇಕೆಂದರೆ, ಆ ದನಿ ಇಳಿಯುವುದನ್ನು ಕೇಳುವ ಧೈರ್ಯ ನನಗಿರಲಿಲ್ಲ, ಅಷ್ಟೇ. ಅರ್ಜಿಯ ಕೊನೆಯ ದಿನ ಹೋಯಿತು. ಲೈಬ್ರರಿಯಲ್ಲಿ ಆ ಲೇಖನ ಸಿಕ್ಕು ಆರು ತಿಂಗಳಾದ ಮೇಲೆ ಅದರ ಪ್ರತಿ ಹಿಡಿದು ಊರಿಗೆ ಬಂದೆ.

ಶಹಾಪುರ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲ್ಲಿನಲ್ಲಿ ಕೂತೆವು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂತು. ಅವರು ತಿನ್ನುವ ತನಕ ತಡೆದು, ಹಾಳೆಗಳನ್ನು ಮುಂದಿಟ್ಟೆ. ಸರ್ ಕೈ ಒರೆಸಿಕೊಂಡು ನೇರವಾಗಿ ಕಡೆಯ ಪುಟಕ್ಕೆ ಹೋದರು. ಒಂದು ಸಮೀಕರಣದ ಕೆಳಗೆ ಬೆರಳಿಟ್ಟು ಕೂತುಬಿಟ್ಟರು. ಹೊರಗೆ ಸುರಪುರದ ಬಸ್ಸು ಬಂದು ನಿಂತಿತು, ಹೋಯಿತು. ಅದು ಅವರು ಹತ್ತಬೇಕಿದ್ದ ಬಸ್ಸು.

"ಪಾಳಿ ಉದ್ದದ ವರ್ಗಮೂಲ ಬಂದದ" ಅಂದರು.

"ಹೌದ್ರಿ ಸರ್."

"ನಂದೂ ವರ್ಗಮೂಲನ ಬಂದಿತ್ತು. ಹಂಗಾದ್ರ ನಂದು ಬರೋಬರ್ ಅದ."

ಅವರ ಕಣ್ಣು ತುಂಬಿದ್ದವು, ಮುಖ ನಗುತ್ತಿತ್ತು. "ಯಾರರ ಒಬ್ಬರು ಬರೋಬರ್ ಅದ ಅನ್ನಲಿ ಅಂತ ಇಷ್ಟು ವರ್ಷ ದಾರಿ ಕಾದೆ ನೋಡವಾ. ಇವರು ನಾ ಶುರು ಮಾಡೂಕಿಂತ ಮೊದಲ ಅಂದು ಕುಂತಾರ" ಎಂದು ಇನ್ನೊಂದು ಪ್ಲೇಟು ಮಿರ್ಚಿ ಹೇಳಿದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಹೋಟೆಲ್ಲಿನವನು ಖಾರ ಜಾಸ್ತಿಯಾಯಿತೆಂದು ನೀರು ತಂದಿಟ್ಟ.

"ಇದು ಯಾವಾಗ ಸಿಕ್ತು ನಿನಗ?" ಸರ್ ಹಾಳೆ ಮಡಚುತ್ತ ಕೇಳಿದರು.

"ಹ್ವಾದ ವಾರ ಸರ್" ಅಂದೆ.

ಅವರು ತಲೆಯಾಡಿಸಿ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡರು. ಆಮೇಲೆ ಲೆಕ್ಕ ನಿಲ್ಲಲಿಲ್ಲ, ಹೊಸದೊಂದು ಶುರುವಾಯಿತು. ರವಿವಾರದ ಫೋನೂ ನಿಲ್ಲಲಿಲ್ಲ. ಅವರು ಅತಿಥಿಯಾಗಿಯೇ ಉಳಿದರು. ಶಾಂತಮ್ಮನವರು ನನಗೆ ಒಂದು ಮಾತೂ ಅನ್ನಲಿಲ್ಲ, ನಾನು ತಡ ಮಾಡಿದ್ದು ಅವರಿಗೆ ಗೊತ್ತೇ ಇರಲಿಲ್ಲ.

ಕಡೆಯ ಸಲ ಅವರನ್ನು ಕಂಡದ್ದು ಯಾದಗಿರಿ ಸ್ಟೇಷನ್ನಿನಲ್ಲಿ. ನನ್ನ ಪಿಎಚ್‌ಡಿ ಮುಗಿದಿತ್ತು, ದೂರದ ಊರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿ ಹೊರಟಿದ್ದೆ. ಶಾಂತಮ್ಮ ಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಸರ್ ಒಬ್ಬರೇ ಬಂದಿದ್ದರು. ಸೊರಗಿದ್ದರು. ಕೇಳಿದರೆ "ಬಿಪಿ" ಅಂದು ಮಾತು ಹಾರಿಸಿದರು. ಸೈದಾಪುರ ದಾಟಿ ಗಾಡಿ ಬರುತ್ತಿದೆ ಎಂದು ಮೈಕಿನಲ್ಲಿ ಕೂಗಿದ ಮೇಲೆ ಅಂದರು:

"ಆ ಲೇಖನದ ಪ್ರತಿ ಪುಟದ ಕೆಳಗ, ನೀ ಅದನ್ನ ಕಂಪ್ಯೂಟರಿನಾಗ ಇಳಿಸಿಕೊಂಡ ತಾರೀಖು ಅಚ್ಚಾಗಿತ್ತವಾ. ಹೋಟೆಲ್‌ನಾಗ ಕೂತಾಗನ ನೋಡಿದ್ದೆ."

"ಸರ್, ಆ ಪರೀಕ್ಷೆ…" ಅಂದೆ.

"ಪರೀಕ್ಷೆ ಬಿಟ್ಟಾವ ನಾನು, ನೀ ಅಲ್ಲ. ನನಗ ತಡ ಮಾಡಿ ಹೇಳಿದಿ, ಹೋಗ್ಲಿ. ನಾಳೆ ನಿನ್ನ ಕೈಯಾಗ ಹುಡುಗರು ಬರ್ತಾರ. ಅವರಿಗೆ ಅವತ್ತಿಂದು ಅವತ್ತ ಹೇಳಿಬಿಡು. ಅಳ್ತಾರ, ಅಳಲಿ."

ಗಾಡಿ ಬಂತು. ಡಬ್ಬಿ ನನ್ನ ಕೈಗಿಟ್ಟು, ತಲೆ ಮುಟ್ಟಿ, ಜಲ್ದಿ ಹತ್ತು ಎಂದರು. ನಾಲ್ಕು ತಿಂಗಳಿಗೆ ಶಾಂತಮ್ಮನವರ ಫೋನು ಬಂತು, ಸರ್ ಹೋದರು ಎಂದು. ಮಣ್ಣು ಮಾಡುವ ಹೊತ್ತಿಗೂ ನನಗೆ ಮುಟ್ಟಲಾಗಲಿಲ್ಲ.

ಈಗ ನನ್ನ ಹತ್ತಿರ ಒಬ್ಬಳು ಸಂಶೋಧನೆ ಮಾಡುತ್ತಾಳೆ. ಒಂದೂವರೆ ವರ್ಷದಿಂದ ಅವಳು ಬಿಡಿಸುತ್ತಿದ್ದ ಲೆಕ್ಕ ಆಗಲೇ ಬೇರೆ ಕಡೆ ಆಗಿಹೋಗಿದೆ ಎಂದು ಹೋದ ಸೋಮವಾರ ಹನ್ನೊಂದು ಗಂಟೆಗೆ ನನಗೆ ತಿಳಿಯಿತು. ಹನ್ನೊಂದೂವರೆಗೆ ಅವಳನ್ನು ಕರೆದು ಹೇಳಿದೆ. ಅವಳು ಅತ್ತಳು. ಅವಳಿಗಿಂತ ಹೆಚ್ಚು ನಾನು ಅತ್ತೆ. ಪಾಪ, ಕಡೆಗೆ ಆ ಹುಡುಗಿಯೇ ನನ್ನನ್ನು ಸಮಾಧಾನ ಮಾಡಬೇಕಾಯಿತು.