ಅಕ್ಕನ ಕೆಮ್ಮು

ಕಾರ್ಡಿನಲ್ ಆದವರ ಜೀವನಚರಿತ್ರೆ ಬರೆಯುವವರಿಗೆ ಬರವಿಲ್ಲ. ಎಲ್ಲಿ ಓದಿದರು, ಯಾವಾಗ ಬಿಷಪ್ ಆದರು, ಎಷ್ಟು ಶಾಲೆ ಕಟ್ಟಿಸಿದರು, ಯಾವ ಪೋಪರು ಕರೆಸಿಕೊಂಡು ತಲೆಯ ಮೇಲೆ ಕೆಂಪು ಟೋಪಿ ಇಟ್ಟರು, ಎಲ್ಲವೂ ದಪ್ಪ ಕಾಗದದಲ್ಲಿ ಅಚ್ಚಾಗಿರುತ್ತದೆ. ಆ ಕೆಂಪು ನಿಲುವಂಗಿಯನ್ನು ಒಗೆದವರು ಯಾರು ಎಂದು ಮಾತ್ರ ಯಾರೂ ಬರೆಯುವುದಿಲ್ಲ. ನಮ್ಮೂರ ಕಾರ್ಡಿನಲ್ಲರದನ್ನು ಒಗೆದವಳು ಅವರ ಅಕ್ಕ. ಮೊದಲ ಸಲ ಒಗೆದಾಗ ಅದು ಬಣ್ಣ ಬಿಟ್ಟು, ಜೊತೆಗೆ ನೆನೆಹಾಕಿದ್ದ ಬಲಿಪೀಠದ ಬಿಳಿ ಹೊದಿಕೆಗಳೆಲ್ಲ ಗುಲಾಬಿಯಾದವು. "ಪೋಪರ ಊರಿನ ಬಟ್ಟೆಯಂತೆ, ಫುಟ್‌ಪಾತ್ ಬಟ್ಟೆಗಿಂತ ಕಡೆ" ಎಂದು ಅವಳು ಗೊಣಗಿದ್ದು ಕೇಳಿ ಕಾರ್ಡಿನಲ್ಲರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಊರಿಗೆಲ್ಲ ಅವಳು ಅಕ್ಕ. ತರಕಾರಿಯವನಿಗೂ ಅಕ್ಕ, ಪೊಲೀಸರಿಗೂ ಅಕ್ಕ, ಅವಳಿಗಿಂತ ಹಿರಿಯರಾದ ಪಾದ್ರಿಗಳಿಗೂ ಅಕ್ಕ. ಆದರೆ ಹುಟ್ಟಿನಿಂದ ಅಕ್ಕನಾಗಿದ್ದು ಒಬ್ಬನಿಗೇ. ತಾಯಿ ತೀರಿಕೊಂಡಾಗ ಅವಳಿನ್ನೂ ಜಡೆಯ ಹುಡುಗಿ, ಅವನು ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬಾರದ ಕೂಸು. ತಂದೆಗೆ ಬೀಗ ರಿಪೇರಿಯ ಅಂಗಡಿ. ಹೆಂಡತಿ ಹೋದ ಮೇಲೆ ಆತ ತನ್ನ ಬಾಯಿಗೂ ಒಂದು ಬೀಗ ಜಡಿದುಕೊಂಡ. ಹೀಗಾಗಿ ತಮ್ಮನನ್ನು ಎಬ್ಬಿಸುವುದು, ಮೀಯಿಸುವುದು, ಗದರಿಸುವುದು, ಗದರಿಸಿದ್ದಕ್ಕೆ ತಾನೇ ಅತ್ತು ಸಮಾಧಾನ ಮಾಡುವುದು, ಎಲ್ಲ ಅಕ್ಕನ ಪಾಲಿಗೆ ಬಂತು. ಅವನನ್ನು ಅವಳು ಮರಿ ಎಂದು ಕರೆಯುತ್ತಿದ್ದಳು.

ಮರಿ ಸ್ವಲ್ಪ ಬೆಳೆದ ಮೇಲೆ ಚರ್ಚಿನಲ್ಲಿ ಪಾದ್ರಿಗಳ ಪೂಜೆಗೆ ನೆರವಾಗುವ ಹುಡುಗನಾದ. ಆಗ ಪೂಜೆಯ ಮಾತೆಲ್ಲ ಲ್ಯಾಟಿನ್. ಹುಡುಗಿಯರು ಪೀಠದ ಹತ್ತಿರ ಸುಳಿಯುವಂತಿರಲಿಲ್ಲ. ಆದರೆ ಬೆಂಚಿನಲ್ಲಿ ಕೂತು ಕೇಳಿ ಕೇಳಿಯೇ ಅಕ್ಕನಿಗೆ ಅಷ್ಟೂ ಬಾಯಿಪಾಠವಾಗಿತ್ತು. ಪಾತ್ರೆ ಉಜ್ಜುತ್ತಲೇ ಅವನಿಗೆ ಹೇಳಿಕೊಟ್ಟಳು. ಹೇಳಿಕೊಟ್ಟವಳಿಗೂ ಅರ್ಥ ಗೊತ್ತಿಲ್ಲ, ಕಲಿತವನಿಗೂ ಗೊತ್ತಿಲ್ಲ. ದೇವರಿಗೆ ಗೊತ್ತಾದರೆ ಸಾಕಲ್ಲ ಎಂದುಕೊಂಡು ಇಬ್ಬರೂ ಮುಂದುವರಿದರು. ಪೂಜೆಯ ನಡುವೆ ಗಂಟೆ ಬಾರಿಸುವುದನ್ನು ಮರೆತು ಅವನು ಬಾಯಿ ಬಿಟ್ಟುಕೊಂಡು ನಿಂತರೆ ಮುಂದಿನ ಬೆಂಚಿನಿಂದ ಒಂದು ಕೆಮ್ಮು ಬರುತ್ತಿತ್ತು, ತಕ್ಷಣ ಗಂಟೆ ಮೊಳಗುತ್ತಿತ್ತು. ಆ ಹುಡುಗಿಗೆ ಒಳ್ಳೆ ಔಷಧಿ ಕೊಡಿಸಿ ಎಂದು ಪಾದ್ರಿಗಳು ತಂದೆಗೆ ಹೇಳಿಕಳಿಸಿದ್ದೂ ಉಂಟು.

ತಮ್ಮ ಪಾದ್ರಿಯಾಗಲೆಂದು ಗುರುಮಠಕ್ಕೆ ಓದಲು ಹೋದ. ಅಕ್ಕ ಒಂದು ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿಯಲು ಕೂತಳು. ಅಂಗಡಿಯ ಟೈಲರ್ ಒಳ್ಳೆಯವನು, ಕತ್ತರಿ ಕೆಳಗಿಟ್ಟು ಒಂದು ದಿನ ಮದುವೆಯ ಮಾತೆತ್ತಿದ. "ಮರಿ ಓದು ಮುಗಿಸಿ ಗುರು ಆಗ್ಲಿ, ಆಮೇಲೆ ನೋಡೋಣ" ಎಂದಳು. ಪಾದ್ರಿಯಾಗುವ ಓದು ಅಷ್ಟು ಬೇಗ ಮುಗಿಯುವಂಥದ್ದಲ್ಲ. ಟೈಲರ್ ಕಾದ, ಇನ್ನೂ ಕಾದ, ಕಡೆಗೆ ಬೇರೆ ಕಡೆ ಮದುವೆ ಗೊತ್ತುಮಾಡಿಕೊಂಡ. ಅವನ ಮದುವೆಯ ಕೋಟಿನ ಕಾಜಾಗಳನ್ನು ಹೊಲಿದುಕೊಟ್ಟವಳು ಅಕ್ಕನೇ. ಬೇಜಾರೇನೂ ಆಗಲಿಲ್ಲ ಎಂದು ಅವಳು ಎಲ್ಲರಿಗೂ ಹೇಳಿದಳು. ನಂಬುವವರು ನಂಬಲಿ.

ತಮ್ಮನಿಗೆ ಮೊದಲು ಸಿಕ್ಕಿದ್ದು ಊರಾಚೆಯ ಒಂದು ಚಿಕ್ಕ ಚರ್ಚು. ಒಬ್ಬನೇ ಇದ್ದರೆ ಒಣ ಬ್ರೆಡ್ ತಿಂದು ಕಾಲ ಹಾಕುತ್ತಾನೆ ಎಂದು ಅಕ್ಕ ಟ್ರಂಕು ಹೊತ್ತುಕೊಂಡು ಹೋದಳು. ಆವತ್ತು ಹೋದವಳು ಅವನ ಹಿಂದೆಯೇ ಮನೆಯಿಂದ ಮನೆಗೆ ಬದಲಾದಳು. ಒಂದು ವಿಚಿತ್ರವೆಂದರೆ ಅವನು ಮೇಲೇರಿದಷ್ಟೂ ಮನೆ ದೊಡ್ಡದಾಗುತ್ತಿತ್ತು, ಅವಳ ಕೋಣೆ ಹಿಂದೆ ಸರಿಯುತ್ತಿತ್ತು. ಚರ್ಚಿನ ಮನೆಯಲ್ಲಿ ಅವನ ಕೋಣೆಯ ಗೋಡೆಗೇ ಅವಳ ಮಂಚ. ಬಿಷಪ್ ಆದಾಗ ಅಡುಗೆಮನೆಯ ಪಕ್ಕ. ಕಾರ್ಡಿನಲ್ ಆದಾಗ ಹಿಂದಿನ ಮೆಟ್ಟಿಲ ಕೆಳಗೆ, ಇಸ್ತ್ರಿ ಕೋಣೆಯ ಆಚೆ. ಜನರೆದುರು ಅವನನ್ನು ಸ್ವಾಮಿ, ನೀವು ಎನ್ನುವುದು, ಊಟ ಬಡಿಸುವಾಗ ಬೇರೆ ಯಾರೂ ಇಲ್ಲದಿದ್ದರೆ ಮರಿ, ನೀನು ಎನ್ನುವುದು ರೂಢಿಯಾಯಿತು. ಮಂತ್ರಿಗಳು ಬಂದಾಗ ಅವನು "ಇವರು ಮನೆ ನೋಡಿಕೊಳ್ಳುತ್ತಾರೆ" ಎನ್ನುತ್ತಿದ್ದ. ಅದೂ ಸುಳ್ಳೇನಲ್ಲವಲ್ಲ ಎಂದು ಅವಳು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ವಯಸ್ಸಾಗಿ ಅವನು ಅಧಿಕಾರ ಬಿಟ್ಟುಕೊಟ್ಟಾಗ ಹೊಸ ಬಿಷಪ್ ದೊಡ್ಡ ಮನೆಗೆ ಬಂದರು. ಇವರಿಬ್ಬರು ಕಾಂಪೌಂಡಿನ ಹಿಂದಿನ ಪುಟ್ಟ ಮನೆಗೆ ಬಂದರು. ಅಕ್ಕನ ಮಂಚ ಮತ್ತೆ ಅವನ ಗೋಡೆಗೆ ತಾಗಿತು. ಇನ್ನು ನೆಮ್ಮದಿ ಎಂದುಕೊಂಡಳು. ನೆಮ್ಮದಿ ಅಷ್ಟು ಸುಲಭಕ್ಕೆ ಯಾರ ಮನೆಗೆ ಬಂದಿದೆ!

ಪೂಜೆಯಲ್ಲಿ ಪಾದ್ರಿಗಳು ಈಗಿನ ಪೋಪರ ಹೆಸರು ಹೇಳಿ ಅವರಿಗಾಗಿ ಪ್ರಾರ್ಥಿಸುವ ಜಾಗವೊಂದಿದೆ. ಒಂದು ಬೆಳಿಗ್ಗೆ ತಮ್ಮ ಅಲ್ಲಿ ಎಂದೋ ಸತ್ತುಹೋದ ಪೋಪರ ಹೆಸರು ಹೇಳಿದ. ಬಾಯಿ ತಪ್ಪಿರಬೇಕು ಎಂದುಕೊಂಡಳು. ಮರುದಿನವೂ ಅದೇ ಹೆಸರು. ಮೂರನೆಯ ದಿನ ಅವಳು ಆ ಸಾಲು ಬರುವ ಮೊದಲೇ ಕೆಮ್ಮಿದಳು. ಅವನು ತಲೆಯೆತ್ತಿ ನೋಡಿದ, ಅವಳ ತುಟಿ ನೋಡಿ ಸರಿಯಾದ ಹೆಸರು ಹೇಳಿದ. ಅಲ್ಲಿಂದ ಕೆಮ್ಮು ಮತ್ತೆ ಶುರುವಾಯಿತು. ಯಾರಾದರೂ ನೋಡಲು ಬಂದರೆ ಬಾಗಿಲಲ್ಲೇ ಅವರ ಹೆಸರನ್ನು ಜೋರಾಗಿ ಕೂಗಿ ಸ್ವಾಗತಿಸುತ್ತಿದ್ದಳು. ಡಾಕ್ಟರು ಬಂದು ಇವತ್ತು ಯಾವ ವಾರ ಎಂದು ಕೇಳುವ ಮೊದಲೇ "ಸೋಮವಾರ ಬಂತು ಅಂದ್ರೆ ಹಾಲಿನವನು ತಡ" ಎಂದು ಲೋಟ ಮುಂದಿಡುತ್ತಿದ್ದಳು. ಕಾರ್ಡಿನಲ್ಲರ ನೆನಪು ಈ ವಯಸ್ಸಿಗೂ ಚುರುಕಾಗಿದೆ ಎಂದು ಡಾಕ್ಟರು ಮೆಚ್ಚಿ ಹೋಗುತ್ತಿದ್ದರು.

ಇದೆಲ್ಲ ಬರೀ ತಮ್ಮನ ಮರ್ಯಾದೆಗೆ ಎಂದರೆ ಅರ್ಧ ಸತ್ಯ. ವಿಷಯ ಹೊರಗೆ ಬಿದ್ದರೆ ಅವನನ್ನು ವಯಸ್ಸಾದ ಪಾದ್ರಿಗಳ ಆಶ್ರಮಕ್ಕೆ ಸೇರಿಸುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅಲ್ಲಿ ಸಿಸ್ಟರ್‌ಗಳು ನೋಡಿಕೊಳ್ಳುತ್ತಾರೆ, ಅಕ್ಕಂದಿರಿಗೆ ಜಾಗವಿಲ್ಲ. ಅವನನ್ನು ಬಿಟ್ಟರೆ ಅವಳಿಗೆ ಈ ಭೂಮಿಯ ಮೇಲೆ ಒಂದು ನೆಲೆಯೂ ಇರಲಿಲ್ಲ, ಒಂದು ಕೆಲಸವೂ ಇರಲಿಲ್ಲ.

ಹೀಗಿರುವಾಗ ಪೋಪರು ತೀರಿಕೊಂಡರು.

ಎಂಬತ್ತು ತುಂಬದ ಕಾರ್ಡಿನಲ್ಲರೆಲ್ಲ ಪೋಪರ ಊರಿನಲ್ಲಿ ಸೇರಿ, ಬಾಗಿಲು ಹಾಕಿಕೊಂಡು, ಚೀಟಿಯಲ್ಲಿ ಹೆಸರು ಬರೆದು ಹೊಸ ಪೋಪರನ್ನು ಆರಿಸಬೇಕು. ತಮ್ಮನಿಗೆ ಎಂಬತ್ತಕ್ಕೆ ಇನ್ನೂ ಕೆಲವು ತಿಂಗಳು ಬಾಕಿ. ಅವನ ಕಾರ್ಯದರ್ಶಿಯಾಗಿದ್ದ ಪಾದ್ರಿ ಆ ಬೆಳಿಗ್ಗೆಯೇ ಅಡುಗೆಮನೆಗೆ ಬಂದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವ ಆ ಮನುಷ್ಯನಿಗೆ ಅಕ್ಕ ಬೆಣ್ಣೆ ಸ್ವಾಮಿ ಎಂದು ಹೆಸರಿಟ್ಟಿದ್ದಳು.

"ಅಕ್ಕ, ಸ್ವಾಮಿಗಳ ಮರೆವು ನನಗೂ ಗೊತ್ತು. ನೀವು ಕೆಮ್ಮೋದೂ ಗೊತ್ತು" ಎಂದರು ಅವರು, ಸ್ಟೂಲ್ ಎಳೆದುಕೊಂಡು ಕೂತು.

ಅಕ್ಕನ ಕೈ ಸೌಟಿನ ಮೇಲೆ ನಿಂತಿತು.

"ಹೆದರ್ಕೋಬೇಡಿ. ನಾನು ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ಪ್ರಯಾಣದಲ್ಲಿ ನಾನು ಜೊತೆಗಿರ್ತೀನಿ. ಒಳಗೆ ಮಾತ್ರ ಅವರೊಬ್ಬರೇ ಹೋಗ್ಬೇಕು. ಅಲ್ಲಿ ಮಾಡೋದೇನು, ಒಂದು ಹೆಸರು ಬರೆಯೋದು. ಅಷ್ಟೇ."

"ಯಾರ ಹೆಸರು?"

ಬೆಣ್ಣೆ ಸ್ವಾಮಿ ದೂರದೇಶದ ಒಬ್ಬ ಕಾರ್ಡಿನಲ್ಲರ ಹೆಸರು ಹೇಳಿದರು. ಬೆಣ್ಣೆ ಸ್ವಾಮಿ ಹಿಂದೆ ಓದಿದ್ದು ಅವರ ಬಳಿಯೇ. "ಸ್ವಾಮಿಗಳ ಮನಸ್ಸಲ್ಲಿ ಇರೋದು ಅವರೇ. ನೆನಪಿಗೆ ಬರ್ತಿಲ್ಲ ಅಷ್ಟೇ. ನೀವು ದಿನಾ ಸ್ವಲ್ಪ ಹೇಳಿಕೊಡಿ. ನೀವು ಹೇಳಿಕೊಟ್ಟಿದ್ದನ್ನ ಅವರು ಮರೆಯೋದಿಲ್ಲ."

ಅವರ ಮನಸ್ಸಲ್ಲಿ ಇರೋದು ನಿಮಗೆ ಹೇಗೆ ಗೊತ್ತು ಎಂದು ಕೇಳಬೇಕಿತ್ತು. ಕೇಳಲಿಲ್ಲ. ಯಾರಿಗೂ ಹೇಳುವುದಿಲ್ಲ ಎಂಬ ಒಂದೇ ಮಾತಿಗೆ ಅವಳ ಬಾಯಿ ಕಟ್ಟಿಹೋಗಿತ್ತು. ಗುಟ್ಟು ಗೊತ್ತಿದ್ದವನ ಕೈಯಲ್ಲಿ ಜುಟ್ಟು ಎನ್ನುವುದು ಇದಕ್ಕೇ ಇರಬೇಕು.

ಮೊದಲು ಅವಳು ತಮ್ಮನನ್ನೇ ಕೇಳಿದಳು. ಅವನು ಕಿಟಕಿಯ ಬಳಿ ಕೂತು ಉಗುರು ನೋಡಿಕೊಳ್ಳುತ್ತಿದ್ದ.

"ಮರಿ, ಪೋಪ್ ಯಾರಾಗ್ಬೇಕು ಅಂತೀಯ?"

ಅವನು ತಡವರಿಸದೆ ತನಗೆ ಗುರುದೀಕ್ಷೆ ಕೊಟ್ಟ ಮುದಿ ಬಿಷಪ್ಪರ ಹೆಸರು ಹೇಳಿದ. "ಅವರಷ್ಟು ಒಳ್ಳೆಯವರು ಯಾರಿದ್ದಾರೆ ಹೇಳು. ಬಡವರು ಬಂದ್ರೆ ತಾವೇ ಎದ್ದು ಕುರ್ಚಿ ಕೊಡೋರು."

ಆ ಬಿಷಪ್ಪರ ಗೋರಿಯ ಮೇಲೆ ಹುಲ್ಲು ಬೆಳೆದು ಎಷ್ಟೋ ಕಾಲವಾಗಿತ್ತು. ಆದರೂ ಅದು ಅವನದೇ ಮಾತು. ಅಕ್ಕನಿಗೆ ಅಲ್ಲೇ ಕೂತು ಅಳಬೇಕೆನಿಸಿತು.

ಅತ್ತಳೋ ಬಿಟ್ಟಳೋ, ಪಾಠವಂತೂ ಶುರುವಾಯಿತು. ಹೆಸರು ಉದ್ದ, ನಾಲಿಗೆಗೆ ಒಗ್ಗದ್ದು. ತುಂಡು ತುಂಡು ಮಾಡಿ ಹೇಳಿಕೊಟ್ಟಳು. ತಿಂಡಿಯ ಹೊತ್ತಿಗೆ ಒಮ್ಮೆ, ಬಟ್ಟೆ ಮಡಿಸುವಾಗ ಒಮ್ಮೆ, ಅವನಿಗೆ ಕಾಲುಚೀಲ ಹಾಕುವಾಗ ಒಮ್ಮೆ. ಮೊದಲೆರಡು ದಿನ ಅರ್ಧಕ್ಕೇ ನಿಲ್ಲುತ್ತಿದ್ದ. ಆಮೇಲೆ ಒಂದು ಮಧ್ಯಾಹ್ನ ಊಟದ ತಟ್ಟೆಯ ಮುಂದೆ ನೆಟ್ಟಗೆ ಕೂತು ಇಡೀ ಹೆಸರನ್ನು ಗಡಗಡನೆ ಹೇಳಿದ. ಹೇಳಿ ಅವಳ ಮುಖ ನೋಡಿದ, ಭೇಷ್ ಅನ್ನಲಿ ಎಂದು.

"ಯಾರು ಮರಿ ಅವರು?" ಎಂದು ಕೇಳಿದಳು.

"ಗೊತ್ತಿಲ್ಲ. ಸರಿಯಾಗಿ ಹೇಳಿದ್ನಾ?"

ಅಕ್ಕನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಕೋಟ್ಯಂತರ ಜನ ತಲೆಬಾಗುವ ಒಬ್ಬ ಮನುಷ್ಯನನ್ನು ಆರಿಸಲು ಅಲ್ಲಿ ಕೂರುವವನು ಇವನಲ್ಲ, ಬೆಣ್ಣೆ ಸ್ವಾಮಿ. ಬರೆಯುವ ಕೈ ಮಾತ್ರ ಇವನದು. ಆ ಕೈಯನ್ನು ಹಿಡಿದು ತಿದ್ದಿಸುತ್ತಿರುವವಳು ತಾನು. ತನ್ನ ಮನಸ್ಸಿಗೆ ಯೋಗ್ಯರೆಂದು ಕಂಡವರ ಹೆಸರನ್ನೇ ಬರೆಯುತ್ತೇನೆ ಎಂದು ದೇವರ ಮುಂದೆ ಆಣೆ ಇಡಬೇಕು ಎಂದು ಇದೇ ತಮ್ಮ ಹಿಂದೆ ಅವಳಿಗೆ ಹೇಳಿದ್ದ. ಆವತ್ತಿನ ತಮ್ಮ ಈಗ ಎದ್ದು ಬಂದರೆ ಅಕ್ಕನ ಮುಖ ನೋಡುತ್ತಿದ್ದನೇ?

ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂದು ಬರೆದುಕೊಡಲು ಡಾಕ್ಟರು ಬಂದರು. ಬೆಣ್ಣೆ ಸ್ವಾಮಿ ಕುರ್ಚಿಯ ಹಿಂದೆ ನಿಂತಿದ್ದರು. ಅಕ್ಕ ಕಾಫಿ ತಂದಳು. ಡಾಕ್ಟರು ರಕ್ತದೊತ್ತಡ ನೋಡಿ, ಎದೆಗೆ ಸ್ಟೆತಾಸ್ಕೋಪ್ ಇಟ್ಟು, ನಗುತ್ತಾ ಕೇಳಿದರು.

"ಸ್ವಾಮಿ, ಇವತ್ತು ಯಾವ ವಾರ?"

ತಮ್ಮ ಅಕ್ಕನ ಕಡೆ ನೋಡಿದ.

ಅವಳ ಗಂಟಲಲ್ಲಿ ಕೆಮ್ಮು ಬಂದು ನಿಂತಿತ್ತು. ಅದನ್ನು ನುಂಗಿ ಲೋಟವನ್ನು ಮೇಜಿನ ಮೇಲಿಟ್ಟಳು.

"ಡಾಕ್ಟ್ರೇ, ನಾನು ಆಚೆ ಹೋಗ್ತೀನಿ. ಇವರನ್ನೂ ಕಳಿಸಿ. ಬಾಗಿಲು ಹಾಕ್ಕೊಂಡು ಕೇಳಿ."

"ಅಕ್ಕ, ಏನಿದು? ಸ್ವಾಮಿಗಳಿಗೆ ಸುಸ್ತಾಗಿದೆ..." ಎಂದು ಬೆಣ್ಣೆ ಸ್ವಾಮಿ ಮುಂದೆ ಬಂದರು.

"ನಿಮಗೂ ಸುಸ್ತಾಗಿರುತ್ತೆ. ಬನ್ನಿ, ಅಡುಗೆಮನೇಲಿ ಕೂರೋಣ."

ಡಾಕ್ಟರು ಇಬ್ಬರ ಮುಖವನ್ನೂ ನೋಡಿದರು. ನೋಡಿ, ಬೆಣ್ಣೆ ಸ್ವಾಮಿಗೆ ಬಾಗಿಲು ತೋರಿಸಿದರು. ಅಕ್ಕ ಹೊರಗೆ ಕಾಲಿಟ್ಟಾಗ ಹಿಂದಿನಿಂದ ದನಿ ಕೇಳಿತು.

"ಅಕ್ಕ, ಎಲ್ಲಿಗೆ ಹೋಗ್ತೀಯ? ನನಗೆ ಒಬ್ಬನಿಗೇ ಬರಲ್ಲ."

ಪಾದ್ರಿಯಾದ ಮೇಲೆ ಪರರೆದುರು ಅವನು ಅವಳನ್ನು ಅಕ್ಕ ಎಂದದ್ದು ಅದೇ ಮೊದಲು. ಅವಳು ಬಾಗಿಲು ಎಳೆದುಕೊಂಡಳು. ಒಳಗಿನಿಂದ ಅವನು ಕರೆಯುತ್ತಲೇ ಇದ್ದ. ಅಡುಗೆಮನೆಯಲ್ಲಿ ಅವಳು ನಲ್ಲಿ ಬಿಟ್ಟು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಬೆಣ್ಣೆ ಸ್ವಾಮಿ ಏನೇನೋ ಹೇಳಿದರು. ಬೆಣ್ಣೆ ಕರಗಿದ ಮೇಲೆ ತಳದಲ್ಲಿ ಉಳಿಯುವುದು ಏನೆಂದು ಅವಳು ಆವತ್ತು ಕಂಡಳು.

ಮುಂದಿನದ್ದೆಲ್ಲ ಬೇಗ ಬೇಗ ನಡೆಯಿತು. ಕಾರ್ಡಿನಲ್ಲರಿಗೆ ಅನಾರೋಗ್ಯ, ಅವರು ಬರುವುದಿಲ್ಲ ಎಂದು ತಿಳಿಸಲಾಯಿತು. ಆ ವಾರವೇ ಹೊಸ ಬಿಷಪ್ ಬಂದು, ಅಕ್ಕನ ಕೈ ಹಿಡಿದುಕೊಂಡು ಮೃದುವಾಗಿ ಮಾತಾಡಿ, ತಮ್ಮನನ್ನು ಆಶ್ರಮಕ್ಕೆ ಕಳಿಸಿದರು. ಅಕ್ಕನಿಗೆ ಸಿಸ್ಟರ್‌ಗಳ ಹಾಸ್ಟೆಲಿನಲ್ಲಿ ಒಂದು ಕೋಣೆ ಕೊಟ್ಟರು. ಕೋಣೆ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಎದ್ದು ಯಾರಿಗೆ ಕಾಫಿ ಮಾಡುವುದು ಎಂದು ಮಾತ್ರ ತಿಳಿಯಲಿಲ್ಲ.

ಮಧ್ಯಾಹ್ನ ಬಸ್ಸು ಹಿಡಿದು ಆಶ್ರಮಕ್ಕೆ ಹೋಗುತ್ತಿದ್ದಳು. ಅಲ್ಲಿನ ಹಾಲ್‌ನಲ್ಲಿ ಮುದುಕ ಪಾದ್ರಿಗಳು ಟಿವಿಯ ಮುಂದೆ ಕೂತಿರುತ್ತಿದ್ದರು. ಟಿವಿಯಲ್ಲಿ ಕೆಂಪು ನಿಲುವಂಗಿಯ ಕಾರ್ಡಿನಲ್ಲರು ಸಾಲಾಗಿ ಒಳಗೆ ಹೋಗುವುದನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ತಮ್ಮ ಪ್ರತಿ ಸಲವೂ ಮುಂದೆ ಬಾಗುತ್ತಿದ್ದ.

"ನಮ್ಮವರೆಲ್ಲ ಹೋಗ್ತಿದ್ದಾರೆ. ನನ್ನನ್ನ ಯಾಕೆ ಕರೀಲಿಲ್ಲ?"

ಶೀತ ಆಗಿದೆ ಅಂತ ಹೇಳಿಬಿಡಿ ಎಂದು ಸಿಸ್ಟರ್ ಅವಳಿಗೆ ಹೇಳಿಕೊಟ್ಟಿದ್ದರು. ಅವನಿಗಾಗಿ ಆಡಿದ ಸುಳ್ಳು ಸಾಕಷ್ಟಾಗಿತ್ತು. "ಕರೆದಿದ್ರು ಮರಿ. ನಾನೇ ಬೇಡ ಅಂದೆ" ಎಂದಳು.

ಅವನ ಮುಖ ಕೆಂಪಾಯಿತು, ತುಟಿ ನಡುಗಿತು, ಅವನು ಆ ಕಡೆ ತಿರುಗಿ ಕೂತ. ಮರುದಿನ ಅದು ಅವನಿಗೆ ನೆನಪಿರಲಿಲ್ಲ. ಮತ್ತೆ ಅದೇ ಟಿವಿ, ಅದೇ ಪ್ರಶ್ನೆ, ಅದೇ ಉತ್ತರ. ಮತ್ತೆ ಹೊಸದಾಗಿ ಅವನ ತುಟಿ ನಡುಗಿತು. ಅವನಿಗೆ ಪ್ರತಿದಿನವೂ ಅದು ಮೊದಲ ಪೆಟ್ಟು, ಹೊಡೆಯುವವಳಿಗೆ ಮಾತ್ರ ಹಿಂದಿನ ದಿನದ್ದೂ ನೆನಪು.

ಹೊಸ ಪೋಪರ ಆಯ್ಕೆಯಾದ ದಿನ ಹಾಲ್‌ನಲ್ಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಮ್ಮ ಎದ್ದು ನಿಲ್ಲಲಿಲ್ಲ. ಆ ಕಾರ್ಡಿನಲ್ಲರ ಸಾಲನ್ನೇ ನೋಡುತ್ತಾ ಕೂತಿದ್ದ. ಪ್ರಶ್ನೆ ಬಂತು. ಅಕ್ಕ ಉತ್ತರ ಹೇಳಿದಳು. ಅವನು ಈ ಸಲ ಮುಖ ತಿರುಗಿಸಲಿಲ್ಲ. ಅವಳ ಕಡೆ ನೋಡಿ, ಆಮೇಲೆ ಟಿವಿಯ ಕಡೆ ನೋಡಿ ಕೇಳಿದ.

"ಅಲ್ಲಿಗೆ ಹೋದವರಿಗೆ ಯಾರಿಗೂ ಅಕ್ಕ ಇಲ್ವಾ?"