ಕೂಸು ಇಲ್ಲ

ನಾನು ಕಳಲೆಯಲ್ಲಿ ಆಶಾ ಕಾರ್ಯಕರ್ತೆಯಾಗಿದ್ದಾಗ ದೇವನೂರಿನಲ್ಲೊಬ್ಬ ಅಕ್ಕ ಅದೇ ಕೆಲಸದಲ್ಲಿದ್ದರು. ನಮಗೆ ಕೊಟ್ಟ ಫೋನಿನ ಪರದೆ ಬಿಸಿಲಲ್ಲಿ ಕಾಣುತ್ತಿರಲಿಲ್ಲ. ಅಕ್ಕ ಸೆರಗನ್ನು ತಲೆಯ ಮೇಲಿಂದ ಫೋನಿನವರೆಗೂ ಎಳೆದುಕೊಂಡು, ಒಳಗಿಂದಲೇ ಗೊಣಗುವರು: “ತರೋಕ್ ಮುಂಚೆ ನಮ್ಮನ್ನೊಂದ್ ಮಾತ್ ಕೇಳಬಾರ್ದಿತ್ತಾ?”

ಬಾಣಂತಿ, ಮಕ್ಕಳ ವಿವರ ತುಂಬುವ ವೆಬ್‌ಸೈಟು ಬಂದಾಗಲೂ ಅದೇ ಮಾತು. ಹೆಸರಿನ ಮುಂದೆ ಮನೆತನದ ಹೆಸರನ್ನೂ ಬರೆಯದಿದ್ದರೆ ಅದರ ಪುಟ ಮುಂದಕ್ಕೇ ಹೋಗದು. ನಮ್ಮ ಕಡೆ ಎಷ್ಟು ಜನಕ್ಕಿದೆ ಮನೆತನದ ಹೆಸರು? ಅಕ್ಕ ಎಲ್ಲರಿಗೂ ‘ಇಲ್ಲ’ ಎಂದೇ ತುಂಬಿದರು. ಇನ್ನೂ ನಾಮಕರಣವಾಗದ ಒಂದು ಮಗುವಿಗೆ ‘ಕೂಸು’ ಎಂದು ಬರೆದು, ಮುಂದೆ ‘ಇಲ್ಲ’ ಎಂದರು.

ಪಟ್ಟಿಯಲ್ಲಿ ‘ಕೂಸು ಇಲ್ಲ’ ಎಂದು ಓದಿದ ಆರೋಗ್ಯ ಇಲಾಖೆಯವರು ಯಾರೋ ಬಾಣಂತಿಗೇ ಫೋನು ಮಾಡಿ, ಮಗು ತೀರಿಕೊಂಡದ್ದು ಯಾವಾಗ ಎಂದು ಕೇಳಿದರು. ಹಾಲೂಡಿಸುತ್ತಿದ್ದವಳು ಬೆಚ್ಚಿ ಅಳತೊಡಗಿದಳು. ಲಸಿಕೆಯ ಪಟ್ಟಿಯಿಂದಲೂ ಮಗುವನ್ನು ತೆಗೆದುಹಾಕಿದ್ದರು. ಈಗ ನೆನೆದರೂ ಮೈ ಉರಿಯುತ್ತದೆ.

ಆ ವೆಬ್‌ಸೈಟಿನ ಬಗ್ಗೆ ನಂಜನಗೂಡಿನಲ್ಲಿ ಕರೆದಿದ್ದ ಸಭೆಗೆ ಅಕ್ಕ ತಾಯಿ ಮಗು ಇಬ್ಬರನ್ನೂ ಬಸ್ಸಿನಲ್ಲಿ ಕರೆತಂದರು. ವೆಬ್‌ಸೈಟು ಮಾಡಿದಾತ, “ತಪ್ಪು ತುಂಬಿರೋದು ನೀವಮ್ಮ. ‘ಇಲ್ಲ’ ಅಂತ ಯಾರಾದ್ರೂ ಬರೀತಾರಾ?” ಎಂದ.

“ನಾನು ಇಲ್ದಿರೋದ್ನ ಇಲ್ಲ ಅಂತ ಬರ್ದೆ ಸಾ. ನೀವು ಇರೋದ್ನೇ ಇಲ್ಲ ಅಂದ್ರಿ,” ಎಂದ ಅಕ್ಕ, ಕೂಸನ್ನು ಅವನ ಮಡಿಲಲ್ಲಿ ಇಟ್ಟೇಬಿಟ್ಟರು. “ಇಡ್ಕಳಿ. ಇನ್ನೂ ಕತ್ತು ನಿಂತಿಲ್ಲ, ತಲೆ ಕೆಳಗೆ ಕೈ ಕೊಡಿ.”