ಹನ್ನೊಂದು ಫಾರಂಗಳ ಮೇಲೆ ನನ್ನ ಮನೆ ವಿಳಾಸ

ಮಲ್ಲಪ್ಪನವರೇ, ನಿಮ್ಮ ಗಲ್ಲಿಗೆ ಕೊರೊನಾ ಪರೀಕ್ಷೆಯ ಗಾಡಿ ಬಾರದಂತೆ ಮಾಡಿದವಳು ನಾನು. ವಾರ್ಡ್ ಕಚೇರಿಯವರಲ್ಲ — ನಾನು, ದಾದರಿನ ಬ್ಲಡ್ ಬ್ಯಾಂಕಿನಲ್ಲಿ ನೀವು ಅಕ್ಕಾರ ಎಂದು ಕರೆಯುವ ಟೆಕ್ನಿಷಿಯನ್.

ಕೊರೊನಾದ ಆ ಮೊದಲ ವರ್ಷ ನಮ್ಮಲ್ಲಿ ರಕ್ತವೇ ಇರಲಿಲ್ಲ. ಧಾರಾವಿಯಲ್ಲಿ ಚರ್ಮದ ಕೆಲಸ ನಿಂತು ಸುಮ್ಮನೆ ಕೂತಿದ್ದ ನಿಮ್ಮೂರ ಹತ್ತು ಜನರನ್ನು ಕರೆದುಕೊಂಡು ನೀವು ನಡೆದೇ ಬಂದಿರಿ. ಹಿಂದಿನ ದಿನವಷ್ಟೇ ನಮ್ಮ ವಾಚ್‌ಮನ್ ಧಾರಾವಿಯ ಇಬ್ಬರನ್ನು ಗೇಟಿನಿಂದಲೇ ವಾಪಸ್ ಕಳಿಸಿದ್ದ. ಅದು ನಿಮ್ಮ ಕಿವಿಗೂ ಬಿದ್ದಿತ್ತು.

"ಅಕ್ಕಾರ, ಧಾರಾವಿ ಅಂತ ಬರದ್ರ ನಮ್ಮ ರಕ್ತ ತಗೋತಾರೇನ್ರಿ?"

"ಅದನ್ನ ನನಗೆ ಬಿಡಿ," ಎಂದೆ.

ಫಾರಂ ತುಂಬುವವಳು ನಾನೇ. ಹನ್ನೊಂದರ ಮೇಲೂ ಚೆಂಬೂರಿನ ನನ್ನ ಬಿಲ್ಡಿಂಗಿನ ವಿಳಾಸ ಬರೆದೆ. ಧಾರಾವಿಯವರ ರಕ್ತ ಬೇಡವೆಂಬ ನಿಯಮ ನಿಜವಾಗಿ ಇದೆಯೇ ಎಂದು ಡಾಕ್ಟರನ್ನು ಕೇಳಬಹುದಿತ್ತು — ಕೇಳಲಿಲ್ಲ. ಅಂಥದ್ದು ಇರಲೇ ಇಲ್ಲವಂತೆ. ಒಬ್ಬ ವಾಚ್‌ಮನ್ನನ ಹೆದರಿಕೆಯನ್ನು ನಾನು ಕಾನೂನು ಮಾಡಿಕೊಂಡೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ.

ವಾರದ ಮೇಲೆ ವಾರ್ಡ್ ಕಚೇರಿಯವರು, ದಾನಿಗಳ ರಕ್ತದ ಉಳಿದ ಮಾದರಿಗಳಲ್ಲಿ ಸೋಂಕು ಬಂದುಹೋದ ಗುರುತು ಹುಡುಕಲು ಹೇಳಿದರು. ಹೆಸರು ಬೇಡ, ವಿಳಾಸ ಸಾಕು. ಗುರುತು ಎಲ್ಲಿ ಹೆಚ್ಚೋ ಅಲ್ಲಿಗೆ ಮೊದಲು ಗಾಡಿ. ನಿಮ್ಮ ಹನ್ನೊಂದು ಜನರಲ್ಲಿ ಏಳು ಜನರ ರಕ್ತದಲ್ಲಿ ಅದಿತ್ತು. ಗಾಡಿ ಬಂದದ್ದು ನನ್ನ ಬಿಲ್ಡಿಂಗಿಗೆ. ಅಲ್ಲಿ ಯಾರಿಗೂ ಏನೂ ಇರಲಿಲ್ಲ.

ಅವತ್ತೇ ಹೇಳಬಹುದಿತ್ತು. ಡಾಕ್ಟರ ಕೋಣೆಯ ಬಾಗಿಲವರೆಗೆ ಎರಡು ಸಲ ಹೋದೆ. ಕೆಲಸ ಹೋದರೆ, ಸುಳ್ಳು ಬರೆದವಳೆಂದು… ಛೆ, ಹತ್ತು ನಿಮಿಷದ ಮಾತು ಅದು! ಬಾಯಿಗೆ ಬೀಗ ಹಾಕಿಕೊಂಡು ಬಂದು ಮತ್ತೆ ಟ್ಯೂಬುಗಳ ಮುಂದೆ ಕೂತೆ.

ಆಗ ನಿಮ್ಮ ಹೆಂಡತಿ ಕಸ್ತೂರಿಗೆ ಜ್ವರ. ತಾವಾಗಿ ಆಸ್ಪತ್ರೆಗೆ ಹೋದರೆ ಎಲ್ಲಿಗೋ ಒಯ್ದು ಕೂಡಿಹಾಕುತ್ತಾರೆಂಬ ಭಯಕ್ಕೆ, ಬಾಗಿಲಲ್ಲೇ ಪರೀಕ್ಷೆ ಮಾಡುವ ಗಾಡಿ ಇವತ್ತು ಬಂದೀತು, ನಾಳೆ ಬಂದೀತು ಎಂದು ಎಂಟು ದಿನ ಕಾದರು. ಆಸ್ಪತ್ರೆ ಸೇರುವಷ್ಟರಲ್ಲಿ ಉಸಿರು ಸೋತಿತ್ತು. ಗಾಡಿ ಬಂದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ — ಅದನ್ನು ಕೇಳಿ ಸಮಾಧಾನ ಪಡುವ ಹಕ್ಕು ನನಗಿಲ್ಲ.

ಮುಂದಿನ ವರ್ಷ ನೀವು ಮತ್ತೆ ರಕ್ತ ಕೊಡಲು ಬಂದಾಗ ಇದನ್ನೆಲ್ಲ ಹೇಳಿದಿರಿ. "ನಮ್ಮ ಗಲ್ಲಿ ಯಾರ ಕಣ್ಣಿಗೂ ಬೀಳಲಿಲ್ರಿ," ಎಂದಿರಿ. ಆಗ ನಾನಾಡಿದ ಮಾತು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಹೇಸಿಗೆ.

"ಈ ಕಚೇರಿಯವರೇ ಹಾಗೆ ಮಲ್ಲಪ್ಪನವರೇ."

ನೀವು ಹೌದೆಂದು ತಲೆಯಾಡಿಸಿ ತೋಳು ಚಾಚಿದಿರಿ. ನಾನು ಸೂಜಿ ಚುಚ್ಚಿದೆ.

ವಿಳಾಸ ಬರೆದದ್ದನ್ನು ನೀವು ಕ್ಷಮಿಸಿಬಿಡಬಹುದು, ನಿಮ್ಮ ಸ್ವಭಾವ ಗೊತ್ತು. ಆ ಮಾತನ್ನು ಕ್ಷಮಿಸಬೇಡಿ. ಇವತ್ತು ಡಾಕ್ಟರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಹಳೆಯ ವಿಷಯ, ಈಗ ಬಿಟ್ಟುಬಿಡಿ ಎಂದರು. ಬಿಡಲು ಅದು ಅವರದೂ ಅಲ್ಲ, ನನ್ನದೂ ಅಲ್ಲ. ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಮಕ್ಕಳೂ ಇರಲಿ — ಅವರ ತಾಯಿ ಕಾಯುತ್ತಿದ್ದ ಗಾಡಿ ಆ ದಿನ ಯಾರ ಬಾಗಿಲಲ್ಲಿ ನಿಂತಿತ್ತೆಂದು ಅವರೆದುರಿಗೇ ಹೇಳಬೇಕು.